ಮಲ್ಪೆಯ ಬೋಟು, ಮೂವರು ಮೆಂಟರ್‌ಗಳು: ಒಂದು ಪ್ರಕರಣ ಅಧ್ಯಯನ

ಮಲ್ಪೆಯಿಂದ ಆಳಸಮುದ್ರಕ್ಕೆ ಹೊರಟ ಟ್ರಾಲ್ ಬೋಟು ಎಂಟು-ಹತ್ತು ದಿನ ದಡ ಕಾಣುವುದಿಲ್ಲ. ಮೊದಲ ದಿನದ ರಾಣಿ ಮೀನು, ನಡುವೆ ಸಿಕ್ಕ ಬೊಂಡಾಸ್, ಕೊನೆಯ ದಿನದ ಅಂಜಲ್ ಎಲ್ಲವೂ ಒಂದೇ ಹೊಟ್ಟೆಯಲ್ಲಿ, ಐಸ್‌ನ ಅಡಿಯಲ್ಲಿ ಮಲಗಿರುತ್ತವೆ. ಆ ಮೀನು ಕೋಣೆಯ ತಾಪಮಾನವನ್ನು ಹತ್ತು ನಿಮಿಷಕ್ಕೊಮ್ಮೆ ದಾಖಲಿಸಿ, ಬೋಟು ಬಂದರಿಗೆ ಬಂದ ಕೂಡಲೇ ಮೊಬೈಲಿಗೆ ಇಳಿಸುವ ಸಾಧನವನ್ನು ಇಬ್ಬರು ಮಾಡಿದರು. ಒಬ್ಬಳು ಎಲೆಕ್ಟ್ರಾನಿಕ್ಸ್ ಎಂಜಿನಿಯರ್. ಇನ್ನೊಬ್ಬ ಬೋಟಿನ ಮನೆಯಲ್ಲೇ ಬೆಳೆದವ, ಓದಿದ್ದು ಬಿ.ಕಾಂ. ಆಗಸ್ಟ್‌ನಲ್ಲಿ ಪ್ರೈವೇಟ್ ಲಿಮಿಟೆಡ್ ಕಂಪನಿ ನೋಂದಾಯಿಸಿದರು. ಮೇ ಕೊನೆಗೆ, ಮೀನುಗಾರಿಕೆಯ ಒಂದು ಋತು ಮುಗಿಯುವ ಹೊತ್ತಿಗೆ, ಕೈಯಲ್ಲಿದ್ದದ್ದು 60ಕ್ಕೂ ಹೆಚ್ಚು ವಿಸಿಟಿಂಗ್ ಕಾರ್ಡು, 9 ವಾಟ್ಸ್ಆ್ಯಪ್ ಗುಂಪು, ದಾರಿ ತೋರಿಸುವ 3 ಜನ ಮೆಂಟರ್‌ಗಳು, ದುಡ್ಡು ಕೊಟ್ಟ ಗಿರಾಕಿ ಒಬ್ಬರೂ ಇಲ್ಲ.

ಇದು ಯಾವುದೋ ಒಂದು ಕಂಪನಿಯ ಚರಿತ್ರೆ ಅಲ್ಲ. ಕರಾವಳಿಯ ಹೊಸ ಉದ್ದಿಮೆಗಳಿಗೆ ಒದಗುವ ಪಾಡನ್ನು ಒಂದೇ ತಂಡದ ಮೇಲಿಟ್ಟು ಕಟ್ಟಿದ ಅಭ್ಯಾಸದ ಪ್ರಕರಣ. ತಂಡದ ಅಂಕಿಗಳು ಲೆಕ್ಕ ಕಾಣಲಿ ಎಂದು ಇಟ್ಟವು. ಕಾನೂನು, ಯೋಜನೆ, ಊರಿನ ಸಂಗತಿಗಳು ಇದ್ದ ಹಾಗೇ ಇವೆ.

ಹತ್ತು ತಿಂಗಳ ಲೆಕ್ಕ

ಈ ತಂಡ ಸೋಮಾರಿಯಾಗಿರಲಿಲ್ಲ ಎಂಬುದನ್ನು ಮೊದಲೇ ಹೇಳಬೇಕು. 14 ಸ್ಟಾರ್ಟ್‌ಅಪ್ ಸಭೆಗಳಿಗೆ ಹೋಗಿದ್ದರು. 5 ಬೆಂಗಳೂರಿನಲ್ಲಿ, 9 ಮಂಗಳೂರು-ಮಣಿಪಾಲದ ಆಸುಪಾಸಿನಲ್ಲಿ. ಬೆಂಗಳೂರಿಗೆ ಒಮ್ಮೆ ಹೋಗಿ ಬಂದರೆ ಎರಡು ರಾತ್ರಿ ಬಸ್ಸು, ನಡುವೆ ಒಂದು ದಿನ. ಮರುದಿನ ಕೆಲಸ ಆಗುವುದಿಲ್ಲ. ಇಬ್ಬರಿಗೆ 2 ದಿನದಂತೆ 5 ಬಾರಿ ಎಂದರೆ 20 ಆಳುದಿನ. ಊರಿನ 9 ಸಭೆಗೆ ಅರ್ಧ ದಿನದಂತೆ ಇನ್ನೂ 9. ಒಟ್ಟು 29 ಆಳುದಿನ. ಅದೇ ಅವಧಿಯಲ್ಲಿ ಬೋಟ್ ಮಾಲೀಕರ ಎದುರು ಕೂತು, ಯಂತ್ರ ಪಕ್ಕಕ್ಕಿಟ್ಟು, ಅವರ ವ್ಯವಹಾರವನ್ನೇ ಕೇಳಿದ್ದು 4 ಸಲ.

ಸಾಧನವನ್ನು 6 ಬೋಟುಗಳಲ್ಲಿ ಇಟ್ಟಿದ್ದರು. ಆರೂ ಹುಡುಗನ ನೆಂಟರಿಷ್ಟರದ್ದು, ಆರೂ ಪುಕ್ಕಟೆ. ಎರಡನೇ ಟ್ರಿಪ್ ಮುಗಿಯುವಷ್ಟರಲ್ಲಿ 4 ಕೆಟ್ಟವು. ಯಾರೂ ದೂರಲಿಲ್ಲ, ಮನೆಯ ಹುಡುಗ ಏನೋ ಮಾಡುತ್ತಿದ್ದಾನೆ ಎಂದು ಸುಮ್ಮನಿದ್ದರು. ಪುಕ್ಕಟೆ ಕೊಟ್ಟ ವಸ್ತು ಕೆಟ್ಟರೆ ಬೈಗುಳವೂ ಸಿಗುವುದಿಲ್ಲ. ಆ ಬೈಗುಳವೇ ಈ ಹಂತದಲ್ಲಿ ಅತಿ ಬೆಲೆಬಾಳುವ ಮಾಹಿತಿಯಾಗಿತ್ತು.

ಇನ್ನು ಮೂವರು ಮೆಂಟರ್‌ಗಳು. ಸಾಫ್ಟ್‌ವೇರ್‌ನಿಂದ ಬಂದ ಒಬ್ಬರು, "ಸಾಧನ ಉಚಿತ ಕೊಡಿ, ಡೇಟಾ ಕೂಡಿಸಿ, ವಾರಕ್ಕೊಂದು ಬದಲಾವಣೆ ಮಾಡಿ ನೋಡಿ" ಎಂದರು. ಬ್ಯಾಂಕಿನಿಂದ ನಿವೃತ್ತರಾದ ಹಿರಿಯರು, "18,000ಕ್ಕೆ ನಗದು ಮಾರಿ, ಸಾಲಕ್ಕೆ ಕೊಡಬೇಡಿ" ಎಂದರು. ಬೆಂಗಳೂರಿನ ಹೂಡಿಕೆದಾರರೊಬ್ಬರು, "ಬೋಟು ಬಿಡಿ, ಲಸಿಕೆ ಸಾಗಿಸುವ ಲಾರಿಗಳಿಗೆ ಹೋಗಿ, ಮಾರುಕಟ್ಟೆ ದೊಡ್ಡದು" ಎಂದರು. ತಂಡ ಮೂವರ ಮಾತನ್ನೂ ತಲಾ ಎರಡು ತಿಂಗಳು ನಡೆಸಿತು. ಆರು ತಿಂಗಳು ಹೋದದ್ದು ಹೀಗೆ.

ಮೂವರೂ ತಪ್ಪು ಹೇಳಿದವರಲ್ಲ. ಅವರವರು ಕಂಡ ಮಾರುಕಟ್ಟೆಯಲ್ಲಿ ಅದು ಸರಿಯೇ. ಆದರೆ ವಾರಕ್ಕೊಂದು ಪ್ರಯೋಗ ಎಂಬ ಮಾತು ಮೊಬೈಲ್ ಆ್ಯಪಿನ ಗಡಿಯಾರದ್ದು. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಉಳಿದದ್ದು 304 ದಿನ. ಟ್ರಿಪ್‌ಗೆ 10 ದಿನ, ಮೀನಿಳಿಸಿ ಡೀಸೆಲ್-ಐಸ್ ತುಂಬಲು 2 ದಿನ ಹಿಡಿದರೆ ವರ್ಷಕ್ಕೆ ಸುಮಾರು 25 ಟ್ರಿಪ್. ಅಂದರೆ ಒಂದು ಬೋಟಿನಿಂದ ಕಲಿಯಲು ವರ್ಷದಲ್ಲಿ 25 ಅವಕಾಶ ಅಷ್ಟೇ, ಅದೂ ಗಾಳಿಮಳೆ ಅಡ್ಡ ಬರದಿದ್ದರೆ. ಈ ಲೆಕ್ಕವನ್ನು ಮೆಂಟರ್ ಮುಂದೆ ಇಡಬೇಕಾದವರು ತಂಡದವರೇ. ಇಟ್ಟಿರಲಿಲ್ಲ.

ನಿಷೇಧದ 61 ದಿನ

ಜೂನ್‌ನಲ್ಲಿ ಬೋಟುಗಳೆಲ್ಲ ದಡಕ್ಕೆ ಬಂದು ಸಾಲಾಗಿ ನಿಂತಾಗ ತಂಡಕ್ಕೆ ಎರಡು ಅನುಕೂಲ ಒಟ್ಟಿಗೆ ಸಿಕ್ಕಿದವು. ಮಾಲೀಕರು, ತಂಡೇಲರು (ಬೋಟು ನಡೆಸುವವರು) ಊರಲ್ಲೇ ಇರುತ್ತಾರೆ, ಮಾತಾಡಲು ಪುರುಸೊತ್ತಿದೆ. ಬೋಟು ರಿಪೇರಿಯಲ್ಲಿರುವುದರಿಂದ ಮೀನು ಕೋಣೆಯೊಳಗೆ ಇಳಿದು ಅಳತೆ ತೆಗೆಯಬಹುದು. ಕರಾವಳಿಯಲ್ಲಿ ಬೋಟಿಗೆ ಸಂಬಂಧಪಟ್ಟ ಏನನ್ನೇ ಮಾಡುವವರೂ ಈ ಎರಡು ತಿಂಗಳನ್ನು ಬೇರೆ ಊರಿನ ಸಭೆಗಳಿಗೆ ಕೊಡಬಾರದು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಮೊದಲು ಒಂದು ಹಾಳೆ ಬರೆದರು. ಎಡಗಡೆ, ಈಗ ಕೆಲಸ ನಿಲ್ಲಿಸಿರುವ ಅಡ್ಡಿಗಳು. ನಡುವೆ, ಆ ಅಡ್ಡಿಯನ್ನು ಸ್ವತಃ ದಾಟಿದವರು ಯಾರಿರಬಹುದು. ಬಲಗಡೆ, ಅವರ ತನಕ ತಲುಪಿಸಬಲ್ಲ ಪರಿಚಯದವರು. ಅಡ್ಡಿ ನಾಲ್ಕೇ ಬಂದವು: ಉಪ್ಪುನೀರು ನುಗ್ಗಿ ಸಾಧನ ಕೆಡುವುದು, ಯಾರು ದುಡ್ಡು ಕೊಡುತ್ತಾರೆ ಎಂಬುದು, ಮೀನಿನ ಗುಣಮಟ್ಟ ಅಳೆಯುವ ಒಪ್ಪಿತ ಕ್ರಮ, ಮುಂದಿನ ಮಾದರಿಗೆ ಹಣ. ಹೂಡಿಕೆದಾರರ ಪರಿಚಯ, ಪ್ರಚಾರ, ಪ್ರಶಸ್ತಿ ಯಾವುದೂ ಈ ಪಟ್ಟಿಯಲ್ಲಿ ಇರಲಿಲ್ಲ. 29 ಆಳುದಿನ ಹೋದದ್ದು ಅವುಗಳ ಹಿಂದೆ.

ನಡುವಿನ ಕಾಲಂ ತುಂಬಲು ದೂರ ಹೋಗಬೇಕಾಗಲಿಲ್ಲ. ಮಂಗಳೂರಿನ ಮೀನುಗಾರಿಕಾ ಕಾಲೇಜು 1969ರಿಂದ ಇದೆ. ಮೀನು ಸಂಸ್ಕರಣೆ ಅಲ್ಲಿ ಪಾಠದ ವಿಷಯ. ಸುರತ್ಕಲ್ಲಿನ ಎನ್ಐಟಿಕೆಯಲ್ಲಿ, ಮಣಿಪಾಲದಲ್ಲಿ, ನಿಟ್ಟೆಯಲ್ಲಿ ಹೊಸ ಉದ್ದಿಮೆಗಳನ್ನು ಬೆಳೆಸುವ ಕೇಂದ್ರಗಳು, ಅಂದರೆ ಇನ್‌ಕ್ಯುಬೇಟರ್‌ಗಳಿವೆ. ನವಮಂಗಳೂರು ಬಂದರಿಂದಾಗಿ ಹಡಗಿನ ಉಪಕರಣಗಳ ಕೆಲಸ ಬಲ್ಲವರೂ ಈ ಭಾಗದಲ್ಲಿದ್ದಾರೆ. ಇನ್‌ಕ್ಯುಬೇಟರ್‌ ಅಂದರೆ ಕೂರಲು ಜಾಗ, ಇಂಟರ್‌ನೆಟ್ಟು ಎಂದುಕೊಂಡು ಹೋಗುವವರಿಗೆ ಅಷ್ಟೇ ಸಿಗುತ್ತದೆ. ಕಾಲೇಜಿಗೆ ಅಂಟಿಕೊಂಡ ಇನ್‌ಕ್ಯುಬೇಟರ್‌ನಲ್ಲಿ ಕೇಳಬೇಕಾದದ್ದು ಪ್ರಯೋಗಾಲಯದ ಸಮಯ, ಪರೀಕ್ಷಾ ಉಪಕರಣ, ಮತ್ತು ಸಂಬಂಧಪಟ್ಟ ವಿಭಾಗದ ಒಬ್ಬ ಅಧ್ಯಾಪಕರ ಹೆಸರು.

ಉಪ್ಪುನೀರಿನ ಸಮಸ್ಯೆಗೆ ಹಿಂದೆ ಗುಂಪುಗಳಲ್ಲಿ ಹಾಕಿದ್ದ ಸಂದೇಶ ಹೀಗಿತ್ತು: "ನಾವು ಬ್ಲೂ ಎಕಾನಮಿಯಲ್ಲಿ ಕೆಲಸ ಮಾಡುವ ಸ್ಟಾರ್ಟ್‌ಅಪ್. ಹಾರ್ಡ್‌ವೇರ್ ಮೆಂಟರ್ ಬೇಕು. ಆಸಕ್ತರು ಸಂಪರ್ಕಿಸಿ." ಉತ್ತರ ಬಂದದ್ದು ಎರಡು ಕೈಮುಗಿದ ಚಿತ್ರ. ಹೊಸದಾಗಿ ಬರೆದದ್ದು ಇದು (ಐಪಿ68 ಎಂದರೆ ಮುಳುಗಿದರೂ ಒಳಗೆ ನೀರು ಬಿಡದ ದರ್ಜೆ, ಗ್ಲ್ಯಾಂಡ್ ಎಂದರೆ ಕೇಬಲ್ಲು ಡಬ್ಬಿಯೊಳಗೆ ಹೋಗುವಲ್ಲಿ ಹಾಕುವ ಬಿರಟೆ):

"ಸರ್, ನಮಸ್ತೆ. ಮಲ್ಪೆಯ ಟ್ರಾಲ್ ಬೋಟಿನ ಮೀನು ಕೋಣೆಯಲ್ಲಿ ತಾಪಮಾನ ದಾಖಲಿಸುವ ಸಾಧನ ಮಾಡಿದ್ದೇವೆ. 6 ಬೋಟಿನಲ್ಲಿ ಇಟ್ಟದ್ದರಲ್ಲಿ 4 ಇಪ್ಪತ್ತು ದಿನದೊಳಗೆ ಕೆಟ್ಟವು. ಡಬ್ಬಿ ಐಪಿ68, ಕೇಬಲ್ ಗ್ಲ್ಯಾಂಡೂ ಐಪಿ68. ಹೊರಗಡೆ ಸೋರಿದ ಗುರುತಿಲ್ಲ, ಒಳಗೆ ಬೋರ್ಡಿನ ಮೇಲೆ ಉಪ್ಪು ಕೂತಿದೆ. ಫೋಟೋ 3 ಜೊತೆಗಿದೆ. ನೀರು ಯಾವ ದಾರಿಯಿಂದ ಬಂದಿರಬಹುದು? ಗುರುವಾರ ಅಥವಾ ಶುಕ್ರವಾರ ಸಂಜೆ 20 ನಿಮಿಷ ಫೋನಿನಲ್ಲಿ ಮಾತಾಡಬಹುದೇ?"

ಇದನ್ನು ನೇರವಾಗಿ ಕಳಿಸಲಿಲ್ಲ. ಪರಿಚಯದವರಿಗೆ ಕೊಟ್ಟು, "ಅವರಿಗೆ ಅಡ್ಡಿಯಿಲ್ಲವೋ ಕೇಳಿ, ಒಪ್ಪಿದರೆ ಮಾತ್ರ ನಮ್ಮ ನಂಬರು ಕೊಡಿ" ಎಂದರು. ಸಂದೇಶ ಹಾಗೇ ಫಾರ್ವರ್ಡ್ ಮಾಡಬಹುದಾದ ರೀತಿ ಇದ್ದದ್ದರಿಂದ ಮಧ್ಯದವರಿಗೆ ಏನೂ ಬರೆಯುವ ಶ್ರಮ ಇರಲಿಲ್ಲ. ಒಪ್ಪಿಗೆ ಕೇಳದೆ ಇಬ್ಬರನ್ನೂ ಒಂದೇ ಗುಂಪಿಗೆ ಹಾಕಿ "ಮಾತಾಡಿಕೊಳ್ಳಿ" ಎನ್ನುವುದು ಈಗ ವಾಡಿಕೆಯಾಗಿದೆ. ಅದು ಮಧ್ಯದವರ ಮರ್ಯಾದೆಗೆ ಪೆಟ್ಟು. ಎರಡನೇ ಸಲ ಅವರು ಯಾರನ್ನೂ ಪರಿಚಯಿಸುವುದಿಲ್ಲ.

ಹಡಗಿನ ಉಪಕರಣಗಳ ಕೆಲಸ ಮಾಡಿ ನಿವೃತ್ತರಾದವರು ಒಬ್ಬರು ಫೋನಿಗೆ ಸಿಕ್ಕರು. ಫೋಟೋ ನೋಡಿದ್ದರು. ಗ್ಲ್ಯಾಂಡ್ ತಡೆಯುವುದು ಕೇಬಲ್ಲಿನ ಹೊರಮೈ ಮೇಲೆ ಬರುವ ನೀರನ್ನು ಮಾತ್ರ ಎಂದರು. ಸೆನ್ಸರ್ ತುದಿಯಲ್ಲೋ, ಕಲಾಸಿಯ (ಬೋಟಿನ ಕೆಲಸಗಾರನ) ಸಲಿಕೆ ತಾಗಿ ಗೀರಿದಲ್ಲೋ ಹೊಕ್ಕ ನೀರು ತಂತಿಯ ಎಳೆಗಳ ನಡುವೆ, ದೀಪದ ಬತ್ತಿಗೆ ಎಣ್ಣೆ ಏರುವ ಹಾಗೆ, ಒಳಗೊಳಗೇ ಡಬ್ಬಿಯ ತನಕ ಏರುತ್ತದೆ. ಇನ್ನೊಂದು ದಾರಿ ಉಸಿರಾಟ: ಡೆಕ್ಕಿನ ಬಿಸಿಲಿಗೆ ಡಬ್ಬಿ ಕಾದಾಗ ಒಳಗಿನ ಗಾಳಿ ಹೊರಗೆ ಹೋಗುತ್ತದೆ, ರಾತ್ರಿ ತಣಿದಾಗ ಸೀಲಿನ ಸಂದಿಯಿಂದ ತೇವದ ಗಾಳಿಯನ್ನು ಎಳೆದುಕೊಳ್ಳುತ್ತದೆ. ಪರಿಹಾರ ಮೂರು. ಡಬ್ಬಿಯೊಳಗೆ ಕೇಬಲ್ಲಿನ ಹೊರಕವಚವನ್ನೂ ತಂತಿಗಳ ನಿರೋಧಕವನ್ನೂ ಸ್ವಲ್ಪ ಉದ್ದ ಸುಲಿದು, ಬರಿ ತಾಮ್ರದ ಸುತ್ತ ರಾಳ ಸುರಿಯುವುದು, ಆಗ ಎಳೆಗಳ ನಡುವಿನ ದಾರಿ ಕಟ್ಟುತ್ತದೆ. ಪಿವಿಸಿ ಕೇಬಲ್ಲಿಗೆ ಎಪಾಕ್ಸಿ ಸರಿಯಾಗಿ ಹಿಡಿಯದ ಕಾರಣ ಪಾಲಿಯುರೆಥೇನ್ ಕವಚದ ಕೇಬಲ್ಲು, ಅದಕ್ಕೆ ಪಾಲಿಯುರೆಥೇನ್ ರಾಳ. ಡಬ್ಬಿಗೆ ಗಾಳಿ ಬಿಟ್ಟು ನೀರು ಬಿಡದ ಪೊರೆಯ ವೆಂಟ್ ಒಂದು. ಮಾತು ಮುಗಿದದ್ದು 22 ನಿಮಿಷಕ್ಕೆ. "ಹಾರ್ಡ್‌ವೇರ್ ಮೆಂಟರ್ ಬೇಕು" ಎಂದು ಕೂತಿದ್ದರೆ ಇದು ಇನ್ನೊಂದು ಋತುವಿಗೂ ತಿಳಿಯುತ್ತಿರಲಿಲ್ಲ.

ದಕ್ಕೆಯ ಪ್ರಶ್ನೆ

ಜೂನ್‌ನಲ್ಲಿ ಹುಡುಗ 17 ಮಾಲೀಕರನ್ನು, 8 ತಂಡೇಲರನ್ನು ಕಂಡ. ನೆಂಟರನ್ನು ಬೇಕೆಂದೇ ಬಿಟ್ಟ. ಸಾಧನ ತೋರಿಸಬಾರದು, ಕಳೆದ ಎರಡು ಟ್ರಿಪ್‌ನಲ್ಲಿ ಏನಾಯಿತು ಎಂದಷ್ಟೇ ಕೇಳಬೇಕು ಎಂದು ಮೊದಲೇ ನಿಶ್ಚಯಿಸಿದ್ದರು. "ಇಂಥ ಸಾಧನ ಇದ್ದರೆ ತಗೊಳ್ತೀರಾ?" ಎಂದರೆ ಊರವರು ದಾಕ್ಷಿಣ್ಯಕ್ಕೆ ಹೂಂ ಅನ್ನುತ್ತಾರೆ. ಆ ಹೂಂ ನಂಬಿ ಕೆಟ್ಟವರು ಬಹಳ.

ಆದರೂ ಒಬ್ಬ ಮಾಲೀಕರಿಗೆ ಸುದ್ದಿ ಗೊತ್ತಿತ್ತು. ದಕ್ಕೆಯಲ್ಲಿ, ಅಂದರೆ ಮೀನು ಇಳಿಸುವ ಕಟ್ಟೆಯಲ್ಲಿ, ಬಲೆ ಹೊಲಿಯುವವರ ಪಕ್ಕ ಕೂತು ಅವರು ತುಳುವಿನಲ್ಲಿ ಕೇಳಿದ್ದರ ಸಾರ ಇಷ್ಟು: "ಐಸ್ ಕರಗಿದ್ದು ಹೇಳ್ಲಿಕ್ಕೆ ನಿನ್ನ ಮೆಷಿನ್ ಎಂತಕ್ಕೆ ಮಗಾ? ತಂಡೇಲ ಕೈ ಹಾಕಿದ್ರೆ ಗೊತ್ತಾಗ್ತದೆ. ಮೀನು ಇಳಿಸುವಾಗ ಯಾವ ಕೋಣೆ ಮೊದಲು ಏಲಮಿಗೆ (ಹರಾಜಿಗೆ) ಹಾಕ್ಬೇಕು, ಯಾವುದನ್ನು ಇನ್ನೊಂದು ದಿನ ಇಡ್ಬಹುದು, ಅದು ಹೇಳ್ತದಾ?"

ಅದು ಹೇಳುತ್ತಿರಲಿಲ್ಲ. ಒಟ್ಟು ಕೋಣೆಗೆ ಒಂದೇ ಸೆನ್ಸರ್ ಇತ್ತು. ಹಲಗೆ ಅಡ್ಡಕಟ್ಟಿ ಮಾಡಿದ ಪ್ರತಿ ಕಂಪಾರ್ಟ್‌ಮೆಂಟಿಗೂ ಒಂದೊಂದು ಇದ್ದರೆ, ಯಾವುದು ಎಷ್ಟು ಗಂಟೆ 4 ಡಿಗ್ರಿ ದಾಟಿತು ಎಂದು ಲೆಕ್ಕ ಹಾಕಿ ಸಾಲು ಹಚ್ಚಬಹುದು. ಸಾಧನದ ಕೆಲಸವೇ ಬದಲಾಯಿತು: ತಾಪಮಾನ ತೋರಿಸುವುದು ಹೋಗಿ, ಮಾರುವ ಸರದಿ ತೋರಿಸುವುದು ಬಂತು. ಯಾವ ಸಭೆಯ ವೇದಿಕೆಯಿಂದಲೂ ಈ ಪ್ರಶ್ನೆ ಬರಲು ಸಾಧ್ಯವಿರಲಿಲ್ಲ. ಸ್ಟಾರ್ಟ್‌ಅಪ್ ಸಮುದಾಯ ಎಂಬ ಮಾತಿನಲ್ಲಿ ದಕ್ಕೆಯನ್ನು ಸೇರಿಸದಿದ್ದರೆ ಅರ್ಧ ಸಮುದಾಯವನ್ನೇ ಬಿಟ್ಟ ಹಾಗೆ ಎಂದು ನಾವು ನಂಬಿರುವುದು ಇದಕ್ಕೇ.

ಬೆಲೆಯ ಪ್ರಶ್ನೆಯೂ ಅಲ್ಲೇ ಬಗೆಹರಿಯಿತು. ಬೋಟಿನ ಲೆಕ್ಕ ತಿಂಗಳದ್ದಲ್ಲ, ಟ್ರಿಪ್ಪಿನದ್ದು. ಡೀಸೆಲ್, ಐಸ್, ರೇಷನ್ ಕಳೆದು ಉಳಿದದ್ದರಲ್ಲಿ ಪಾಲು. ತಿಂಗಳ ಬಾಡಿಗೆ ಎಂದರೆ ಆ ಪುಸ್ತಕದಲ್ಲಿ ಕೂರುವುದಿಲ್ಲ. 18,000 ಒಮ್ಮೆಗೇ ಎಂದರೆ ಮಾಲೀಕರು ಮುಂದಿನ ವರ್ಷ ನೋಡುವ ಎನ್ನುತ್ತಾರೆ. ಟ್ರಿಪ್‌ಗೆ 600 ರೂಪಾಯಿ, ಬೋಟು ಹೋಗದಿದ್ದರೆ ಇಲ್ಲ ಎಂದಾಗ ಅದು ಐಸ್‌ನ ಸಾಲಿನ ಕೆಳಗೆ ಇನ್ನೊಂದು ಸಾಲಾಯಿತು. 25 ಟ್ರಿಪ್‌ಗೆ 15,000.

ಮೆಂಟರ್ ಜೊತೆಗಿನ ಅರ್ಧ ಗಂಟೆ

ಮೂವರಲ್ಲಿ ಯಾರನ್ನೂ ಬಿಡಲಿಲ್ಲ, ಕೇಳುವ ರೀತಿ ಬದಲಿಸಿದರು. ಭೇಟಿಗೆ ಎರಡು ದಿನ ಮುಂಚೆ ಅರ್ಧ ಪುಟ ಕಳಿಸುವುದು: ಈಗಿನ ಸ್ಥಿತಿ, ತೀರ್ಮಾನ ಮಾಡಬೇಕಾದ ಒಂದು ವಿಷಯ, ತಮ್ಮ ಒಲವು ಯಾವ ಕಡೆ, ಏಕೆ. ಕೂತ ಮೇಲೆ ಸ್ಥಿತಿಗೆ 3 ನಿಮಿಷ, ಪ್ರಶ್ನೆಗೆ 20, ಮುಂದಿನ ಹೆಜ್ಜೆಗೆ 5. ಕೊನೆಯ 2 ನಿಮಿಷ "ಈ ವಿಷಯ ನಿಮಗಿಂತ ಹತ್ತಿರದಿಂದ ಕಂಡವರು ಯಾರಾದರೂ ಇದ್ದಾರೆಯೇ?" ಎಂದು ಕೇಳಲು. 24 ಗಂಟೆಯೊಳಗೆ ಏನು ಮಾಡುತ್ತೇವೆ ಎಂದು ನಾಲ್ಕು ಸಾಲು ಬರೆದು ಕಳಿಸುವುದು. ಮಾಡಿದ ಮೇಲೆ ಫಲಿತಾಂಶ ತಿಳಿಸುವುದು. ಸಲಹೆ ಪಾಲಿಸದಿದ್ದರೆ ಕಾರಣ ಹೇಳುವುದು. ಹಿರಿಯರ ಮಾತು ಮೀರಿದೆವಲ್ಲ ಎಂಬ ಅಳುಕಿನಿಂದ ನಮ್ಮಲ್ಲಿ ಬಹಳ ಮಂದಿ ಸುಮ್ಮನಾಗಿ ಸಂಬಂಧವೇ ಕಡಿದುಕೊಳ್ಳುತ್ತಾರೆ. ಹಿರಿಯರಿಗೆ ಬೇಸರವಾಗುವುದು ಮಾತು ಮೀರಿದ್ದಕ್ಕಿಂತ ಹೆಚ್ಚಾಗಿ ಸುದ್ದಿಯೇ ಬಾರದಿದ್ದಕ್ಕೆ.

ಸಲಹೆಗಳು ಎದುರುಬದುರಾದಾಗ ಯಾರ ಮಾತು ದೊಡ್ಡದು ಎಂದು ತೂಗಲಿಲ್ಲ. ಪ್ರತಿ ಸಲಹೆಯ ಕೆಳಗೆ ಮೂರು ಸಾಲು ಬರೆದರು: ಇದನ್ನು ಅವರು ಎಲ್ಲಿ, ಯಾವ ವ್ಯಾಪಾರದಲ್ಲಿ ಕಂಡದ್ದು, ನಮ್ಮಲ್ಲಿ ಅದಕ್ಕಿಂತ ಏನು ಬೇರೆ, ಎರಡು ವಾರದೊಳಗೆ ಸಣ್ಣದಾಗಿ ಪರೀಕ್ಷಿಸುವುದು ಹೇಗೆ. ಲಸಿಕೆ ಲಾರಿಯ ಮಾತಿಗೆ ಇಬ್ಬರು ಸಾಗಣೆದಾರರಿಗೆ ಫೋನ್ ಮಾಡಿದರು. ಇಬ್ಬರ ಬಳಿಯೂ ಪ್ರಮಾಣೀಕೃತ ಸಾಧನ ಆಗಲೇ ಇತ್ತು. ಎರಡು ತಿಂಗಳು ತಿಂದಿದ್ದ ವಿಷಯ ಒಂದೇ ಮಧ್ಯಾಹ್ನಕ್ಕೆ ಮುಗಿಯಿತು.

ಬ್ಯಾಂಕಿನ ಹಿರಿಯರ ಸಲಹೆ ಬೆಲೆಯ ವಿಷಯದಲ್ಲಿ ನಡೆಯಲಿಲ್ಲ, ಆದರೆ ಅವರಿಂದಲೇ ಬಂದ ಇನ್ನೊಂದು ಮಾತು ನಿಂತಿತು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿ ಶುರು ಮಾಡಿ, ದಿನಕ್ಕೆ ಎರಡಾಣೆ ಸಂಗ್ರಹಿಸಲು ಏಜೆಂಟರನ್ನು ಮನೆ ಬಾಗಿಲಿಗೇ ಕಳಿಸಿತು. ಎರಡಾಣೆಗಿಂತ ಮುಖ್ಯವಾದದ್ದು ಆ ಏಜೆಂಟ್ ತಪ್ಪದೆ ಬರುತ್ತಿದ್ದದ್ದು ಎಂದರು ಅವರು. ತಂಡದ ತಿಂಗಳ ಪತ್ರ ಅಲ್ಲಿಂದ ಶುರುವಾಯಿತು.

ಪ್ರತಿ ತಿಂಗಳ ಮೊದಲ ಸೋಮವಾರ, 250 ಪದ ಮೀರದ ಪತ್ರ, ಮೊದಲು 11 ಜನರಿಗೆ. ಮೂರು ಅಂಕಿ, ಪ್ರತಿ ತಿಂಗಳೂ ಅವೇ ಮೂರು: ದುಡ್ಡು ಕೊಡುವ ಬೋಟು, ಕೆಟ್ಟ ಸಾಧನ, ಬ್ಯಾಂಕಿನಲ್ಲಿ ಉಳಿದ ಹಣ ಎಷ್ಟು ತಿಂಗಳಿಗೆ ಸಾಕು. ಆಮೇಲೆ ತಪ್ಪಿದ್ದು ಏನು. ಯಾರ ಸಹಾಯದಿಂದ ಏನಾಯಿತು, ಹೆಸರು ಹೇಳಿ. ಕೊನೆಗೆ ಒಂದೇ ಒಂದು ಕೋರಿಕೆ. ಅಕ್ಟೋಬರ್ ಪತ್ರದಲ್ಲಿ 3 ಸಾಧನ ಕೆಟ್ಟದ್ದನ್ನು ಬರೆಯಲು ಎಂಜಿನಿಯರ್‌ಗೆ ಮನಸ್ಸಿರಲಿಲ್ಲ. ಬರೆದರು. ಅದೇ ಪತ್ರ ಓದಿದ ಅಧ್ಯಾಪಕರೊಬ್ಬರು ಉಪ್ಪು ಸಿಂಪಡಿಸುವ ಪರೀಕ್ಷಾ ಪೆಟ್ಟಿಗೆ ಇರುವ ಪ್ರಯೋಗಾಲಯ ತೋರಿಸಿಕೊಟ್ಟರು.

ಕೈ ಸುಡುವ ಜಾಗಗಳು

ಜುಲೈನಲ್ಲಿ ಒಂದು ಪ್ರದರ್ಶನಕ್ಕೆ ಕರೆ ಬಂತು. ಐಸ್ ಒಳಗೆ ಸಲಿಕೆ ಏಟಿಗೆ ಮುರಿಯದೆ ನಿಲ್ಲುವ ಸೆನ್ಸರ್ ಕೋಲನ್ನು ವೇದಿಕೆಯಲ್ಲಿ ಬಿಚ್ಚಿ ತೋರಿಸುವವರಿದ್ದರು. ಪೇಟೆಂಟ್ ಅರ್ಜಿಗೆ ಮುಂಚೆ ಹೀಗೆ ಬಹಿರಂಗಪಡಿಸಿದರೆ ಹೊಸತನವೇ ಹೋಗುತ್ತದೆ. ಕಾನೂನಿನ ವಿನಾಯಿತಿ ಸರ್ಕಾರ ಅಧಿಸೂಚಿಸಿದ ಪ್ರದರ್ಶನದಂಥ ಕೆಲವಕ್ಕೆ ಮಾತ್ರ. ಪ್ರದರ್ಶನಕ್ಕೆ ಐದು ದಿನ ಮುಂಚೆ ತಾತ್ಕಾಲಿಕ ವಿವರಣೆಯೊಂದಿಗೆ ಅರ್ಜಿ ಹಾಕಿದರು. ಸ್ಟಾರ್ಟ್‌ಅಪ್‌ಗೆ ಆನ್‌ಲೈನ್ ಶುಲ್ಕ 1,600 ರೂಪಾಯಿ. ಪೂರ್ಣ ವಿವರಣೆ 12 ತಿಂಗಳೊಳಗೆ ಕೊಡಬೇಕು, ಇಲ್ಲವಾದರೆ ಅರ್ಜಿ ಬಿಟ್ಟ ಹಾಗೆ. ವೇದಿಕೆ ಹತ್ತುವ ಪ್ರತಿ ತಂಡಕ್ಕೂ ಇದನ್ನು ಯಾರಾದರೂ ಮೊದಲೇ ಹೇಳಬೇಕು. ಹೇಳುವವರು ಕಡಿಮೆ.

ಸಭೆಯಲ್ಲಿ ಪರಿಚಯವಾದ ಒಬ್ಬರು ಸಲಹೆಗಾರರಾಗಿ ಸೇರಲು 3 ಶೇಕಡಾ ಪಾಲು ಕೇಳಿದರು. ಹಣ ಹಾಕದ ಸಲಹೆಗಾರರಿಗೆ ಸಾಮಾನ್ಯವಾಗಿ ಕಾಲು ಶೇಕಡದಿಂದ ಒಂದು ಶೇಕಡ, ಅದೂ ಎರಡು ವರ್ಷದಲ್ಲಿ ಕಂತಿನಂತೆ ಕೈಸೇರುವ ಹಾಗೆ. ಇನ್ನೊಂದು ಸಂಗತಿ ಭಾರತದ್ದು: ಕಂಪನಿ ಕಾಯ್ದೆಯ ಪ್ರಕಾರ ಇಸಾಪ್ (ನೌಕರರಿಗೆ ಕೊಡುವ ಷೇರಿನ ಆಯ್ಕೆ) ಕೊಡಬಹುದಾದದ್ದು ನೌಕರರು, ನಿರ್ದೇಶಕರಂಥವರಿಗೆ, ಹೊರಗಿನ ಸಲಹೆಗಾರರಿಗೆ ಅಲ್ಲ. ಬೇರೆ ದೇಶದ ಮಾದರಿ ಒಪ್ಪಂದ ಇಳಿಸಿಕೊಂಡು ಸಹಿ ಹಾಕಿದವರು ಮುಂದೆ ಹೂಡಿಕೆದಾರರ ಕಡತ ಪರಿಶೀಲನೆಯಲ್ಲಿ ಸಿಕ್ಕಿಬೀಳುತ್ತಾರೆ. ತಂಡ ಕೊಟ್ಟ ಉತ್ತರ: ಮೂರು ತಿಂಗಳು ಪಾಲಿಲ್ಲದೆ ಕೆಲಸ ಮಾಡೋಣ, ತಿಂಗಳಿಗೆ 2 ಗಂಟೆ, ಇಬ್ಬರು ಮೀನು ರಫ್ತುದಾರರ ಪರಿಚಯ, ಆಮೇಲೆ ಚಾರ್ಟರ್ಡ್ ಅಕೌಂಟೆಂಟ್ ಎದುರು ಕೂತು ಬರೆಯೋಣ. ಅವರು ಮತ್ತೆ ಫೋನ್ ಮಾಡಲಿಲ್ಲ.

ಹಣದ ವಿಷಯದಲ್ಲಿ ಪೆಟ್ಟು ಬಿದ್ದದ್ದು ನೋಂದಣಿ ದಿನಾಂಕದಿಂದ. ಮೊದಲ ಸಭೆಯಲ್ಲೇ ಯಾರೋ "ಮೊದಲು ಕಂಪನಿ ಮಾಡಿ" ಎಂದಿದ್ದರು, ಮಾಡಿದ್ದರು. 2021ರಲ್ಲಿ ಶುರುವಾದ ಸ್ಟಾರ್ಟ್‌ಅಪ್ ಇಂಡಿಯಾ ಸೀಡ್ ಫಂಡ್ ಯೋಜನೆಯ ನಿಯಮದಂತೆ ಅರ್ಜಿಯ ದಿನಕ್ಕೆ ಕಂಪನಿಗೆ 2 ವರ್ಷ ಮೀರಿರಬಾರದಿತ್ತು. ಮಾದರಿ ಸಿದ್ಧಪಡಿಸಲು 20 ಲಕ್ಷದವರೆಗೆ ಅನುದಾನ ಸಿಗುತ್ತಿದ್ದದ್ದು ಆಯ್ಕೆಯಾದ ಇನ್‌ಕ್ಯುಬೇಟರ್‌ಗಳ ಮೂಲಕ, ಕೆಲಸದ ಮೈಲಿಗಲ್ಲಿಗೆ ತಕ್ಕ ಕಂತಿನಲ್ಲಿ. ಹತ್ತು ತಿಂಗಳು ಆಗಲೇ ಹೋಗಿತ್ತು. ಸಾಧನ ಕೈಗೆ ಬರುವ ಮುಂಚೆ ಕಂಪನಿ ನೋಂದಾಯಿಸಿದರೆ ಗಡಿಯಾರ ಸುಮ್ಮನೆ ಓಡುತ್ತದೆ.

ಎರಡನೇ ಋತು, ಜನವರಿವರೆಗೆ

ಆಗಸ್ಟ್ ಮೊದಲ ವಾರ ಹೊರಟ ಬೋಟುಗಳಲ್ಲಿ 5ರಲ್ಲಿ ಹೊಸ ಸಾಧನ ಇತ್ತು, ನೆಂಟರದ್ದು ಒಂದೂ ಇಲ್ಲ. ಜನವರಿಗೆ 11 ಆಯಿತು, ಅದರಲ್ಲಿ 9 ದುಡ್ಡು ಕೊಡುತ್ತವೆ. 2 ಮಾಲೀಕರು ತೆಗೆಸಿದರು. ತೆಗೆಸಿದವರಲ್ಲಿ ಒಬ್ಬರು ಹೇಳಿದ ಕಾರಣ ಪತ್ರದಲ್ಲಿ ಹಾಗೇ ಹೋಯಿತು: ಮೊಬೈಲಿನ ಪಟ್ಟಿ ನೋಡಿದರೆ ಖರೀದಿದಾರನೂ ನೋಡುತ್ತಾನೆ, ಬೆಚ್ಚಗಾದ ಕೋಣೆಯ ಮೀನಿಗೆ ದರ ಇಳಿಸುತ್ತಾನೆ. ಸೀಡ್ ಫಂಡ್ ಅರ್ಜಿ ಅಕ್ಟೋಬರ್‌ನಲ್ಲಿ ಹೋಗಿದೆ, ತೀರ್ಮಾನ ಬಂದಿಲ್ಲ. ಆಗಸ್ಟ್‌ನಿಂದೀಚೆಗೆ ಹೋದ ಸಭೆ 3. ಪ್ರತಿಯೊಂದಕ್ಕೂ ಹೋಗುವ ಮುಂಚೆ ಕಾಣಬೇಕಾದ ಇಬ್ಬರಿಗೆ ಸಂದೇಶ ಹೋಗಿತ್ತು. ಪತ್ರ ಈಗ 19 ಜನರಿಗೆ ಹೋಗುತ್ತದೆ, ಅದರಲ್ಲಿ 4 ಮಂದಿ ಬೋಟ್ ಮಾಲೀಕರು. ಅವರಿಗೆ ಅದು ಫೋನಿನಲ್ಲಿ ಓದಿ ಹೇಳಿದ ಧ್ವನಿ ಸಂದೇಶ.

ಜನವರಿಯ ಪತ್ರದ ಕೊನೆಯ ಸಾಲು: "ದರ್ಜೆಯ ಪ್ರಕಾರ ಮೀನಿಗೆ ಬೇರೆ ಬೇರೆ ದರ ಕೊಟ್ಟು ದಕ್ಕೆಯಲ್ಲೇ ಖರೀದಿಸುವ ರಫ್ತುದಾರರು ನಿಮಗೆ ಗೊತ್ತೇ? ತಣ್ಣಗಿದ್ದ ಕೋಣೆಗೆ ಹೆಚ್ಚಿನ ದರ ಕೊಡಲು ಒಪ್ಪುವ ಒಬ್ಬರು ಸಾಕು. ಮುಂದಿನ ಬೋಟು 14ಕ್ಕೆ ಬರುತ್ತದೆ."